ಹಾಸ್ಟೆಲ್‌ನಿಂದ ಮರಳಿದ ಓಟಗಾರರು

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಶಾಲೆಗಳಲ್ಲಿ ಚೆನ್ನಾಗಿ ಓಡುವ ಮಗು ಕಣ್ಣಿಗೆ ಬಿದ್ದರೆ ಪಿ.ಟಿ. ಮಾಸ್ತರು ತಂದೆ-ತಾಯಿಗೆ ಹೇಳುವ ಮಾತು ಒಂದೇ: ‘ಸ್ಪೋರ್ಟ್ಸ್ ಹಾಸ್ಟೆಲ್‌ಗೆ ಹಾಕ್ರಿ.’ ಊಟ, ವಸತಿ, ತರಬೇತಿ ಎಲ್ಲ ಸರ್ಕಾರದ್ದು. ಹಾಕಿದ ಮೇಲೆ ಆ ಮಗು ಏನಾಗುತ್ತದೆ? ಇದನ್ನು ಅರಿಯಲು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಕ್ಕಳ ಕಥೆಯನ್ನು ನಮ್ಮ ಭಾಗದ ಪಾಲಕರೂ ತಿಳಿದಿರಬೇಕು.

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಬೆನ್ನಿಗೆ, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು. ಕ್ರೀಡಾ ವಲಯದಲ್ಲಿ ಅದು ‘ಸಾಯ್’. ಕಾಡು, ಗುಡ್ಡ, ಕರಾವಳಿಯ ಸಮುದಾಯಗಳಲ್ಲಿ ಪ್ರತಿಭೆ ಹುಡುಕಲು ಅದು ಒಂದು ವಿಶೇಷ ಯೋಜನೆ ಮಾಡಿತು. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾರಾಮ್ ಬಿಲ್ಲು ಹಿಡಿದು ಮೂರು ಒಲಿಂಪಿಕ್ಸ್‌ಗೆ ಹೋದದ್ದು ಈ ಹುಡುಕಾಟದಿಂದಲೇ.

1987ರಲ್ಲಿ, ಮಾರ್ಗರೇಟ್ ಆಳ್ವ ಕೇಂದ್ರದ ಕ್ರೀಡಾ ಸಚಿವೆಯಾಗಿದ್ದಾಗ, ಸಾಯ್‌ನ ಆಯ್ಕೆಗಾರರು ಸಿದ್ದಿಗಳಿರುವ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿಗೆ ಬಂದರು. ಸಿದ್ದಿಗಳ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಬಹುಪಾಲು ಗುಲಾಮರಾಗಿ. ಆಫ್ರಿಕಾ ಮೂಲದವರೆಂದರೆ ಓಟ ರಕ್ತದಲ್ಲೇ ಇರುತ್ತದೆ ಎಂಬ ನಂಬಿಕೆ ಯೋಜನೆಯ ಹಿಂದಿತ್ತು. ನನಗೆ ಈ ನಂಬಿಕೆ ಒಪ್ಪಿಗೆಯಿಲ್ಲ. ಪದಕ ತರುವುದು ಅನ್ನ, ಅಭ್ಯಾಸ, ಒಳ್ಳೆಯ ಕೋಚ್. ಆದರೂ ಅದೇ ನೆಪದಲ್ಲಿ ಎಂದೂ ಊರು ಬಿಡದ ಮಕ್ಕಳಿಗೆ ಸಾಯ್ ಹಾಸ್ಟೆಲ್‌ಗಳಲ್ಲಿ ಟ್ರ್ಯಾಕ್, ಹೊಟ್ಟೆ ತುಂಬ ಊಟ, ಶಾಲೆ ಸಿಕ್ಕವು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅಂಥ ಅಥ್ಲೀಟ್‌ಗಳು ಹೀಗೆ ಬೆಳೆದು ಬಂದವರು.

1993ರಲ್ಲಿ ಸಿದ್ದಿ ಮಕ್ಕಳ ಯೋಜನೆಯೇ ನಿಂತುಹೋಯಿತು. ಲೆಕ್ಕ ಹಾಕಿ ನೋಡಿ: ಹನ್ನೆರಡಕ್ಕೆ ಹಾಸ್ಟೆಲ್ ಸೇರಿದ ಮಗುವಿಗೆ ಆಗ ಹದಿನೆಂಟು. ಓಟಗಾರರ ಮೈ ಮಾಗುವುದು ಇಪ್ಪತ್ತು ದಾಟಿದ ಮೇಲೆ. ಆರು ವರ್ಷ ನೀರೆರೆದ ಗಿಡವನ್ನು ಹೂ ಬಿಡುವ ಮುನ್ನವೇ ಕಿತ್ತಂತೆ ಆಯಿತು. ಕೆಲವರು ಕ್ರೀಡಾ ಕೋಟಾದ ನೌಕರಿ ಹಿಡಿದರು, ಉಳಿದವರು ಕಾಡಿನ ಕೂಲಿಗೆ ಮರಳಿದರು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಹತ್ತು ವರ್ಷ ಮೊದಲೇ ಸೇರಿದ್ದರೆ ಆ ಯುವಕರಿಗೆ ಮೀಸಲಾತಿಯ ಆಸರೆಯಾದರೂ ಇರುತ್ತಿತ್ತು. ಇದನ್ನು ನೆನೆದಾಗ ನನಗೆ ಸಂಕಟವಾಗುತ್ತದೆ.

ಈಚಿನ ವರ್ಷಗಳಲ್ಲಿ ಮುಂಡಗೋಡದಲ್ಲಿ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಸಿದ್ದಿ ಮಕ್ಕಳನ್ನು ಮತ್ತೆ ಟ್ರ್ಯಾಕಿಗೆ ಇಳಿಸಿದೆ. ಈ ಸಲ ತರಬೇತಿಯೇ ಮಕ್ಕಳ ಸೀಮೆಗೆ ಬಂದಿದೆ. ನನಗೆ ಇಷ್ಟವಾಗುವುದು ಅದೇ.

ನಮ್ಮ ತಾಲ್ಲೂಕಿನ ಪಾಲಕರು ಸೆಲೆಕ್ಷನ್ ಫಾರಂಗೆ ಸಹಿ ಹಾಕುವ ಮುನ್ನ ಕೇಳಲೇಬೇಕಾದ ಮಾತುಗಳಿವೆ. ಕಾಲಿಗೆ ಪೆಟ್ಟಾದರೆ ಮಗುವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಎಸ್ಸೆಸ್ಸೆಲ್ಸಿ ಪಾಠ ಮಾಡುವವರು ಯಾರು? ಮನೆಯ ನೆನಪಾಗಿ ಅತ್ತರೆ ರಾತ್ರಿ ಹತ್ತಕ್ಕೂ ಫೋನ್ ಕೊಡುತ್ತೀರಾ?