ವಿದ್ಯಾರ್ಥಿಗಳೇ ನಡೆಸುವ ತತ್ತ್ವಶಾಸ್ತ್ರ ಪತ್ರಿಕೆಗಳು

ವಿದ್ಯಾರ್ಥಿಯು ಬರೆಯುವ ಪ್ರಬಂಧಕ್ಕೆ ಸಾಮಾನ್ಯವಾಗಿ ಒಬ್ಬನೇ ಓದುಗ, ಆತನು ಅಧ್ಯಾಪಕ. ಆತನು ಓದಿ ಅಂಕವನ್ನಿತ್ತು ಹಿಂದಿರುಗಿಸಿದೊಡನೆಯೇ ಆ ಬರಹದ ಆಯುಷ್ಯ ತೀರುತ್ತದೆ. ಕವಿತೆಗೋ ಕಥೆಗೋ ವಾರ್ಷಿಕ ಸಂಚಿಕೆಯಲ್ಲಿ ಒಂದಿಷ್ಟು ಎಡೆ ದೊರೆತೀತು. ಶಾಸ್ತ್ರವಿಚಾರಕ್ಕೆ ಅಷ್ಟೂ ದೊರೆಯುವುದು ಅಪೂರ್ವ. ಇದರಿಂದ ಹೆಚ್ಚಿನ ಹಾನಿ ತತ್ತ್ವಶಾಸ್ತ್ರಕ್ಕೇ. ಏಕೆಂದರೆ ಆ ಶಾಸ್ತ್ರದ ಜೀವವಿರುವುದು ಆಕ್ಷೇಪ ಸಮಾಧಾನಗಳಲ್ಲಿ. ಆಕ್ಷೇಪವನ್ನೇ ಎದುರಿಸದ ವಿಚಾರವು ಒರೆಗಲ್ಲನ್ನು ಕಾಣದ ಚಿನ್ನ. ಅದು ಅಪರಂಜಿಯೋ ಹಿತ್ತಾಳೆಯೋ ಬರೆದವನಿಗೂ ತಿಳಿಯದು.

ಈ ಕೊರತೆಯನ್ನು ನೀಗಿಸುವ ಒಂದು ಪದ್ಧತಿ ಅಮೆರಿಕದ ವಿದ್ಯಾಲಯಗಳಲ್ಲಿ ಬೆಳೆದು ಬಂದಿದೆ. ಪಾಂಡಿತ್ಯದ ಪತ್ರಿಕೆಯನ್ನು ವಿದ್ಯಾರ್ಥಿಗಳೇ ಸಂಪಾದಿಸುವುದು ಆ ದೇಶಕ್ಕೆ ಹೊಸತಲ್ಲ. ೧೮೮೭ರಲ್ಲಿ ಆರಂಭವಾದ ‘ಹಾರ್ವರ್ಡ್ ಲಾ ರಿವ್ಯೂ’ ಎಂಬ ನ್ಯಾಯಶಾಸ್ತ್ರ ಪತ್ರಿಕೆಯ ಸಂಪಾದಕರು ಇಂದಿಗೂ ವಿದ್ಯಾರ್ಥಿಗಳೇ. ತತ್ತ್ವಶಾಸ್ತ್ರದಲ್ಲಿ, ಅದರಲ್ಲಿಯೂ ಬಿ.ಎ. ಮಟ್ಟದ ವಿದ್ಯಾರ್ಥಿಗಳ ಬರಹಕ್ಕಾಗಿಯೇ ಮೀಸಲಾದ ಪತ್ರಿಕೆಗಳು ಈಚಿನವು. ಒಹಾಯೋ ರಾಜ್ಯದ ಡೆನಿಸನ್ ವಿಶ್ವವಿದ್ಯಾಲಯದಿಂದ ೧೯೯೦ರಲ್ಲಿ ಹೊರಟ ‘ಎಪಿಸ್ಟೀಮ್’, ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದಿಂದ ೨೦೦೮ರಲ್ಲಿ ಹೊರಟ ‘ಸ್ಟಾನ್ಸ್’ ಇವು ಆ ಪೈಕಿ ಹೆಸರಾದವು.

ಇವುಗಳ ಕಾರ್ಯಕ್ರಮವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಲೇಖನವು ಕೈಸೇರಿದ ಕೂಡಲೇ ಅದರಿಂದ ಲೇಖಕನ ಹೆಸರನ್ನೂ ವಿದ್ಯಾಲಯದ ಹೆಸರನ್ನೂ ತೆಗೆಯಲಾಗುತ್ತದೆ. ಅನಂತರ ಅದನ್ನು ಪರಿಶೀಲಕರು ಪ್ರತ್ಯೇಕವಾಗಿ ಓದಿ ಅಭಿಪ್ರಾಯ ಬರೆಯುತ್ತಾರೆ. ಅವರೂ ವಿದ್ಯಾರ್ಥಿಗಳೇ. ಬರೆದವನು ಯಾರೆಂದು ಓದುವವನಿಗೆ ತಿಳಿಯದು. ಓದಿದವನು ಯಾರೆಂದು ಬರೆದವನಿಗೂ ತಿಳಿಯದು. ಆದುದರಿಂದ ಹಿರಿಯ ವಿದ್ಯಾಲಯದ ಹೆಸರಾಗಲಿ ಗೆಳೆತನವಾಗಲಿ ತೀರ್ಪಿನ ತಕ್ಕಡಿಯನ್ನು ಬಾಗಿಸದು. ಬಳಿಕ ಸಂಪಾದಕ ಮಂಡಳಿ ಸೇರಿ ಚರ್ಚಿಸಿ, ಲೇಖನವನ್ನು ಸ್ವೀಕರಿಸಬೇಕೆ, ತಿದ್ದಲು ಹಿಂದಿರುಗಿಸಬೇಕೆ, ತಿರಸ್ಕರಿಸಬೇಕೆ ಎಂದು ನಿರ್ಣಯಿಸುತ್ತದೆ. ‘ಸ್ಟಾನ್ಸ್’ ಪತ್ರಿಕೆಯು ವಿಚಾರದ ಆಳ, ಸಂಶೋಧನೆಯ ಗುಣ, ಸೃಜನಶೀಲತೆ, ಶೈಲಿಯ ತಿಳಿತನ, ಸ್ವಂತಿಕೆ ಈ ಐದನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ಲೇಖನವು ೧೫೦೦ ಪದಗಳಿಗೆ ಕಡಿಮೆಯಾಗದೆ ೩೫೦೦ ಪದಗಳನ್ನು ಮೀರದೆ ಇರಬೇಕೆಂಬುದು ಅದರ ನಿಯಮ. ಇಷ್ಟು ಕಿರಿದರಲ್ಲಿ ಏನನ್ನು ಸಾಧಿಸಲಾದೀತು ಎಂದು ಕೇಳುವವರಿಗೆ ಒಂದು ನಿದರ್ಶನ ಸಾಕು. ಎಡ್ಮಂಡ್ ಗೆಟಿಯರ್ ಎಂಬ ವಿದ್ವಾಂಸನು ೧೯೬೩ರಲ್ಲಿ ‘ಅನಾಲಿಸಿಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೂರೇ ಪುಟಗಳ ಲೇಖನವು ‘ಜ್ಞಾನವೆಂದರೇನು’ ಎಂಬ ಚರ್ಚೆಯ ದಿಕ್ಕನ್ನೇ ಬದಲಿಸಿತು.

ಪರಿಶೀಲನೆಯಿಂದ ಆಗುವ ಉಪಕಾರ ಎಂತಹುದು? ಒಂದು ಕಲ್ಪಿತ ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ‘ಸುಳ್ಳು ಹೇಳುವುದು ಎಲ್ಲ ಸಂದರ್ಭದಲ್ಲಿಯೂ ಅಧರ್ಮ’ ಎಂದು ವಿದ್ಯಾರ್ಥಿಯೊಬ್ಬನು ಪ್ರಬಂಧ ಬರೆದನೆನ್ನೋಣ. ತರಗತಿಯಲ್ಲಿ ಅದಕ್ಕೆ ಒಳ್ಳೆಯ ಅಂಕವೇ ಬಂದಿತು. ಪತ್ರಿಕೆಯ ಪರಿಶೀಲಕನಾದರೋ ಅಂಚಿನಲ್ಲಿ ಕೇಳುತ್ತಾನೆ: ‘ಕೊಲೆಗಡುಕನು ಬಾಗಿಲಿಗೆ ಬಂದು, ಒಳಗೆ ಅಡಗಿರುವ ನಿನ್ನ ಮಿತ್ರನೆಲ್ಲಿ ಎಂದು ಕೇಳಿದರೆ ಏನು ಮಾಡುವೆ? ಕಾಂಟನು ೧೭೯೭ರಲ್ಲಿಯೇ ಈ ಪ್ರಶ್ನೆಯನ್ನು ಎದುರಿಸಿ, ಆಗಲೂ ಸುಳ್ಳು ಸಲ್ಲದು ಎಂದಿದ್ದಾನೆ. ನೀನು ಅದನ್ನು ಒಪ್ಪುವೆಯೋ ಬಿಡುವೆಯೋ?’ ನಮ್ಮ ಮಹಾಭಾರತದ ಕರ್ಣಪರ್ವದಲ್ಲಿಯೂ ದಸ್ಯುಗಳಿಗೆ ನಿಜ ಹೇಳಿ ನರಕಕ್ಕಿಳಿದ ಕೌಶಿಕನ ಕಥೆಯುಂಟು. ಅಲ್ಲಿ ತೀರ್ಪು ಕಾಂಟನಿಗೆ ವಿರುದ್ಧ. ಇಂತಹ ಪ್ರಶ್ನೆ ಬಂದ ಮೇಲೆ ವಿದ್ಯಾರ್ಥಿಗೆ ಎರಡೇ ದಾರಿ. ತನ್ನ ಪ್ರತಿಜ್ಞೆಯನ್ನು ಸಡಿಲಿಸಬೇಕು, ಇಲ್ಲವೆ ಅದರ ಕಠಿನ ಫಲವನ್ನು ತಲೆಬಾಗಿ ಹೊರಬೇಕು. ಯಾವುದನ್ನು ಆರಿಸಿದರೂ ಎರಡನೆಯ ಸಲ ಬರೆದ ಪ್ರಬಂಧವು ಮೊದಲಿನದಕ್ಕಿಂತ ನಿಜವಾದುದು. ಅಚ್ಚಾಗುವುದಕ್ಕಿಂತ ಇದು ದೊಡ್ಡ ಲಾಭ. ತಿರಸ್ಕೃತನಾದವನೂ ಆಕ್ಷೇಪಗಳ ಪತ್ರವನ್ನು ಪಡೆದನಾದರೆ ಅವನು ಬರಿಗೈಯಲ್ಲಿ ಹಿಂದಿರುಗಿದನೆನ್ನುವಂತಿಲ್ಲ.

ಪೂರ್ವಪಕ್ಷ ಸಿದ್ಧಾಂತಗಳ ಕ್ರಮದಲ್ಲಿ ಪಾಠ ಕಲಿತವರಿಗೆ ಇದು ಅಪರಿಚಿತವಲ್ಲ. ನ್ಯಾಯಸೂತ್ರಗಳು ಕಥೆಯನ್ನು, ಎಂದರೆ ಶಾಸ್ತ್ರಚರ್ಚೆಯನ್ನು, ವಾದ, ಜಲ್ಪ, ವಿತಂಡೆ ಎಂದು ಮೂರಾಗಿ ವಿಂಗಡಿಸುತ್ತವೆ. ತತ್ತ್ವವನ್ನು ಅರಿಯಲೆಂದು ನಡೆಯುವುದು ವಾದ. ಗೆಲ್ಲಲೆಂದು ನಡೆಯುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಪರಪಕ್ಷವನ್ನು ಕೆಡಹುವುದಷ್ಟೇ ವಿತಂಡೆ. ಪರಿಶೀಲಕನಾದ ಎಳೆಯನಿಗೆ ವಿತಂಡೆಯ ಮೋಹ ಸಹಜವಾದುದು. ಅನ್ಯರ ದೋಷವನ್ನು ಎತ್ತಿ ತೋರುವುದರಲ್ಲಿ ಒಂದು ಬಗೆಯ ಸವಿಯುಂಟು. ಲೇಖಕನ ವಾದವನ್ನು ಆತನಿಗಿಂತಲೂ ಚೆನ್ನಾಗಿ ಮೊದಲು ನಿರೂಪಿಸಿ, ಆಮೇಲೆ ಆಕ್ಷೇಪಿಸು ಎಂಬ ಶಿಸ್ತು ಅವನನ್ನು ವಾದದ ಹಾದಿಗೆ ತರುತ್ತದೆ. ಹೀಗೆ ಪತ್ರಿಕೆಯು ಬರೆದವನಿಗೆ ಎಷ್ಟು ಕಲಿಸುವುದೋ ಓದಿ ತೂಗಿದವನಿಗೂ ಅಷ್ಟೇ ಕಲಿಸುತ್ತದೆ.

ಇದಕ್ಕೆ ಎದುರು ಮಾತೂ ಇದೆ. ಬಿ.ಎ. ವಿದ್ಯಾರ್ಥಿಯು ಶಾಸ್ತ್ರಕ್ಕೆ ಹೊಸತೇನನ್ನು ಕೊಟ್ಟಾನು? ಎಳಸು ಕಾಯನ್ನು ಕಿತ್ತು ಸಂತೆಗೆ ಒಯ್ಯುವುದೇಕೆ? ಅಚ್ಚಾದುದು ಅಳಿಸಿಹೋಗದು, ಇಪ್ಪತ್ತರ ವಯಸ್ಸಿನ ದುಡುಕು ಐವತ್ತರಲ್ಲಿಯೂ ಬೆನ್ನು ಹತ್ತೀತು. ಉನ್ನತ ವ್ಯಾಸಂಗದ ಪ್ರವೇಶಕ್ಕೆ ಒಂದು ಒಡವೆಯಾಗಲೆಂದೇ ಕೆಲವರು ಬರೆಯಬಹುದು. ಈ ಮಾತುಗಳಲ್ಲಿ ತಥ್ಯವಿಲ್ಲದೆ ಇಲ್ಲ. ಸಾಲ್ ಕ್ರಿಪ್ಕೆಯು ಹಾರ್ವರ್ಡಿನಲ್ಲಿ ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದಾಗಲೇ, ೧೯೫೯ರಲ್ಲಿ, ತರ್ಕಶಾಸ್ತ್ರದ ಹಿರಿಯ ಪತ್ರಿಕೆಯೊಂದರಲ್ಲಿ ಮಹತ್ತ್ವದ ಲೇಖನವನ್ನು ಪ್ರಕಟಿಸಿದನು. ಅದು ಅಪವಾದ, ಅಂತಹ ಪ್ರತಿಭೆಗೆ ವಿದ್ಯಾರ್ಥಿ ಪತ್ರಿಕೆಯ ಆಸರೆ ಬೇಕಿಲ್ಲ. ಉಳಿದ ಸಾವಿರಾರು ಮಂದಿಗೆ ಬೇಕು. ಅವರು ಶಾಸ್ತ್ರವನ್ನು ಬೆಳೆಸದಿರಬಹುದು. ಶಾಸ್ತ್ರವು ಅವರನ್ನು ಬೆಳೆಸುತ್ತದೆ. ಗರಡಿಯಲ್ಲಿ ಸಾಮು ಮಾಡುವವರೆಲ್ಲರೂ ಜಟ್ಟಿಗಳಾಗುವುದಿಲ್ಲವೆಂದು ಗರಡಿಯನ್ನು ಮುಚ್ಚುವವರುಂಟೆ?

ನಿಜವಾದ ತೊಡಕುಗಳು ಬೇರೆ. ಸಂಪಾದಕರು ಮೂರು ನಾಲ್ಕು ವರ್ಷಗಳಲ್ಲಿ ಪದವಿ ಪಡೆದು ಹೊರಟುಹೋಗುತ್ತಾರೆ. ಅವರೊಡನೆ ಅನುಭವವೂ ಹೊರಟುಹೋಗುತ್ತದೆ. ಆದುದರಿಂದಲೇ ಲಿಖಿತ ನಿಯಮಗಳೂ, ತೀರ್ಪಿನಲ್ಲಿ ಕೈಯಿಕ್ಕದೆ ಬೆನ್ನಿಗೆ ನಿಲ್ಲುವ ಅಧ್ಯಾಪಕನೊಬ್ಬನೂ ಇಲ್ಲದ ಪತ್ರಿಕೆ ಬಾಳುವುದು ಕಷ್ಟ. ಪರರ ಬರಹವನ್ನು ತನ್ನದೆನ್ನುವ ಚೌರ್ಯ ಹಳೆಯ ಪಿಡುಗು; ಕೇಳಿದೊಡನೆ ಪ್ರಬಂಧವನ್ನು ಹೆಣೆದುಕೊಡುವ ಯಂತ್ರಗಳು ಬಂದ ಮೇಲೆ ಅದಕ್ಕೆ ಹೊಸ ರೂಪ ಬಂದಿದೆ. ತನ್ನ ವಾದದ ಮೇಲೆ ಬಂದ ಆಕ್ಷೇಪಕ್ಕೆ ತಾನೇ ಉತ್ತರಿಸಬೇಕೆಂಬ ಕಟ್ಟಳೆಯು ಇದಕ್ಕೆ ಪೂರ್ಣ ಮದ್ದಲ್ಲವಾದರೂ ಮದ್ದುಗಳಲ್ಲಿ ಒಂದು.

ಕಾಲೇಜಿನ ಅಂಗಳದಿಂದ ವಿದ್ವತ್ಪತ್ರಿಕೆ ಹುಟ್ಟಿದ ಪುಣ್ಯ ನಮ್ಮ ನಾಡಿಗೂ ಉಂಟು. ೧೯೧೯ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ವು ಹೊರಟಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ. ಅದು ವಿದ್ಯಾರ್ಥಿಗಳಿಗೇ ಮೀಸಲಾದುದಲ್ಲ. ಆದರೂ ವಿದ್ಯಾಲಯದ ಒಂದು ಸಂಘವು ಮನಸ್ಸು ಮಾಡಿದರೆ ಎಂತಹ ಫಲ ದೊರೆತೀತೆಂಬುದಕ್ಕೆ ಅದು ಸಾಕ್ಷಿ.

ನಮ್ಮ ಸಂಚಿಕೆಗಳಲ್ಲಿ ಮಕ್ಕಳ ಬರಹವನ್ನು ವಾತ್ಸಲ್ಯದಿಂದ ಅಚ್ಚು ಹಾಕುತ್ತೇವೆ, ಅದು ಸರಿಯೇ. ಆದರೆ ‘ಚೆನ್ನಾಗಿದೆ’ ಎಂದು ಬೆನ್ನು ತಟ್ಟಿ ಕಳುಹುವ ವಾತ್ಸಲ್ಯಕ್ಕಿಂತ, ‘ಈ ಮಾತಿಗೆ ಆಧಾರವೇನು?’ ಎಂದು ಕೂರಿಸಿಕೊಂಡು ಕೇಳುವ ವಾತ್ಸಲ್ಯ ಹಿರಿದು. ಪ್ರೌಢ ತರಗತಿಗಳ ನಾಲ್ಕಾರು ವಿದ್ಯಾರ್ಥಿಗಳು ಹೆಸರಿಲ್ಲದ ಪ್ರಬಂಧಗಳನ್ನು ಓದಿ, ಪರಸ್ಪರ ಆಕ್ಷೇಪಗಳನ್ನು ಬರೆದು, ತಿದ್ದಿಸಿ, ವರ್ಷಕ್ಕೊಂದು ಕೈಬರಹದ ಪತ್ರಿಕೆಯನ್ನು ಹೊರತರುವುದಕ್ಕೆ ಹೆಚ್ಚಿನ ಹಣ ಬೇಡ. ಬೇಕಾದುದು ಅಧ್ಯಾಪಕರ ತಾಳ್ಮೆ, ಹಿರಿಯ ವಿದ್ಯಾರ್ಥಿಗಳ ಒತ್ತಾಸೆ. ಪೋಷಕ ಮಹನೀಯರೂ ಈ ಕಡೆ ಮನಸ್ಸಿಟ್ಟರೆ, ಕಟ್ಟಡಗಳಂತೆಯೇ ವಿಚಾರಶಕ್ತಿಯೂ ಇಲ್ಲಿ ಎದ್ದು ನಿಂತೀತೆಂದು ಆಶಿಸುತ್ತೇನೆ.