ಒರತೆ ಯಾರದೋ ಹುಲ್ಲು ಅವರದು

ಮರುಭೂಮಿಯೆಂದೊಡನೆ ನಮ್ಮ ಕಣ್ಣಮುಂದೆ ಮರಳದಿಣ್ಣೆಗಳು ನಿಲ್ಲುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಪಶ್ಚಿಮದಲ್ಲಿರುವ ಉತ್ತರ ನೆವಾಡದ ಮರುಭೂಮಿ ಹಾಗಿಲ್ಲ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರವಾದ ಅದರ ಬಯಲುಗಳಲ್ಲಿ ಬೂದುಬಣ್ಣದ ಸೇಜ್ ಪೊದೆಗಳೂ ಅವುಗಳ ನಡುವೆ ಗೊಂಚಲುಹುಲ್ಲೂ ಬೆಳೆಯುತ್ತವೆ. ಪೆಸಿಫಿಕ್ ಸಾಗರದ ತೇವಗಾಳಿಯು ಸಿಯೆರಾ ನೆವಾಡ ಪರ್ವತಗಳನ್ನೇರುವಾಗಲೇ ತನ್ನ ನೀರನ್ನು ಬಹುಮಟ್ಟಿಗೆ ಸುರಿಸಿಬಿಡುವುದರಿಂದ, ಅವುಗಳ ಮರೆಯಲ್ಲಿರುವ ಈ ಕಣಿವೆಗಳಿಗೆ ವರ್ಷಕ್ಕೆ ಸುಮಾರು 25 ಸೆಂಟಿಮೀಟರು ಮಳೆ ದಕ್ಕಿದರೆ ಹೆಚ್ಚು. ಇಲ್ಲಿನ ಹಂಬೋಲ್ಟ್ ನದಿಯಂತೂ ಸಮುದ್ರದ ಮುಖವನ್ನೇ ಕಾಣದೆ ಬಯಲಿನಲ್ಲಿ ಇಂಗಿ ಆವಿಯಾಗಿ ಹೋಗುತ್ತದೆ.

ಇಂತಹ ನಾಡಿನಲ್ಲಿ ದನಗಳನ್ನು ಸಾಕುವುದೆಂತು? ಚಳಿಗಾಲದಲ್ಲಿ ಬೆಟ್ಟಗಳ ನೆತ್ತಿಯ ಮೇಲೆ ಬಿದ್ದ ಹಿಮವು ವಸಂತದಲ್ಲಿ ಕರಗಿ, ಬಂಡೆಗಳ ಬಿರುಕುಗಳಲ್ಲಿ ಇಳಿದು, ಎಷ್ಟೋ ಕಾಲದ ಮೇಲೆ ತಪ್ಪಲಿನಲ್ಲಿ ಒರತೆಯಾಗಿ ಹೊರಡುತ್ತದೆ. ದನಗಾರನ ಬಾಳು ನಿಂತಿರುವುದು ಅದರ ಮೇಲೆ.

ಇಲ್ಲೊಂದು ಲೆಕ್ಕ ಮಾಡೋಣ. ಬೇಸಗೆಯಲ್ಲಿ ಒಂದು ಹಸುವಿಗೆ ದಿನಕ್ಕೆ 60 ಲೀಟರಿನಷ್ಟು ನೀರು ಬೇಕಾಗಬಹುದು. ಆದುದರಿಂದ ಅದು ನೀರನ್ನು ಬಿಟ್ಟು ಬಹುದೂರ ಮೇಯಲಾರದು. ಸುಮಾರು 3 ಕಿಲೋಮೀಟರೇ ಅದರ ಎಲ್ಲೆಯೆನ್ನಬಹುದು. ಒರತೆಯನ್ನು ಕೇಂದ್ರವಾಗಿಟ್ಟು ಅಷ್ಟು ತ್ರಿಜ್ಯದ ವೃತ್ತವನ್ನೆಳೆದರೆ ಅದರ ಕ್ಷೇತ್ರಫಲ ಸುಮಾರು 28 ಚದರ ಕಿಲೋಮೀಟರು, ಎಂದರೆ 7,000 ಎಕರೆ. 1862ರ ಹೋಂಸ್ಟೆಡ್ ಶಾಸನವು ಒಬ್ಬ ನೆಲಸಿಗನಿಗೆ ಕೊಡುತ್ತಿದ್ದುದು 160 ಎಕರೆ ಮಾತ್ರ. ಅದರೊಳಗೆ ಒರತೆಯೊಂದು ಸಿಕ್ಕಿತೋ, ಸುತ್ತಲಿನ ಸರ್ಕಾರಿ ಹುಲ್ಲುಗಾವಲೆಲ್ಲ ಪತ್ರವಿಲ್ಲದೆಯೇ ಅವನ ಕೈಸೇರಿತು! ನೀರಿಲ್ಲದ ನೆರೆಯವನಿಗೆ ಹುಲ್ಲು ಇದ್ದೂ ಇಲ್ಲದಂತೆ. ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರಲ್ಲಿಯೇ, ಇಂತಹ ಸೀಮೆಯ ಹಿಡುವಳಿಯೊಂದಕ್ಕೆ 2,560 ಎಕರೆಯೂ ನೀರಿನ ಪಾಲೂ ಇರಬೇಕೆಂದು ವರದಿ ಬರೆದನು. ಆಗ ಯಾರೂ ಕಿವಿಗೊಡಲಿಲ್ಲವೆಂಬುದು ಶೋಚನೀಯ. ಸರ್ಕಾರಿ ನೆಲದಲ್ಲಿ ಅಳಿದುಳಿದ ಒರತೆಗಳನ್ನು ಸಾರ್ವಜನಿಕರಿಗಾಗಿ ಕಾದಿರಿಸಿದುದು 1926ರಲ್ಲಿ. ಮೇವಿಗೆ ಪರವಾನಗಿಯ ಕಟ್ಟುಪಾಡು ಬಂದುದು 1934ರ ಟೇಲರ್ ಶಾಸನದಿಂದ.

ಆದರೆ ದನಗಳು ಈ ವೃತ್ತವನ್ನು ಸಮನಾಗಿ ಮೇಯುವುದಿಲ್ಲ. ನೀರಿನ ಬಳಿ ಹುಲ್ಲು ಬುಡದವರೆಗೂ ಸವೆದು, ಅಂಚಿನಲ್ಲಿ ಹಾಗೆಯೇ ಉಳಿಯುತ್ತದೆ. ಗೊರಸಿನ ತುಳಿತಕ್ಕೆ ಒರತೆಯ ದಡ ಕೆಸರಾಗುತ್ತದೆ. ಈ ಒರತೆಗಳಲ್ಲಿ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಬಸವನಹುಳುಗಳಿವೆ. ಅವುಗಳಲ್ಲಿ ಕೆಲವು ಜಾತಿಗಳು ಒಂದೇ ಒಂದು ಒರತೆಯನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಒರತೆ ಹಾಳಾದರೆ ಆ ಜಾತಿಯೇ ಮುಗಿದಂತೆ.

ಆದಕಾರಣ ಈಗ ಹಲವೆಡೆ ಒರತೆಗೆ ಬೇಲಿ ಹಾಕಿ, ನೀರಿನ ಒಂದು ಪಾಲನ್ನಷ್ಟೇ ಕೊಳವೆಯ ಮೂಲಕ ದೂರದ ತೊಟ್ಟಿಗೆ ಒಯ್ಯುತ್ತಾರೆ. ತೊಟ್ಟಿ ತುಂಬಿದೊಡನೆ ತೇಲುಗುಂಡು ಕವಾಟವನ್ನು ಮುಚ್ಚುತ್ತದೆ. ಮಿಕ್ಕ ನೀರು ಒರತೆಯಲ್ಲಿಯೇ ಉಳಿಯುತ್ತದೆ. ತೊಟ್ಟಿಯಿಟ್ಟಲ್ಲಿ ಮೇವಿನ ಹೊಸ ವೃತ್ತವೊಂದು ಹುಟ್ಟುತ್ತದೆ. ನೀರು ಕುಡಿಯಬಂದ ಹಕ್ಕಿಯೋ ಅಳಿಲೋ ಜಾರಿಬಿದ್ದರೆ ಹತ್ತಿಬರಲೆಂದು ತೊಟ್ಟಿಯೊಳಗೆ ಓರೆಯಾದ ಸಣ್ಣ ಏಣಿಯೊಂದನ್ನು ಇಡುವುದೂ ಉಂಟು.