ಮೂರು ಚಮಚ ಎಣ್ಣೆ, ಅದಕ್ಕಿಂತ ಹನಿಯೂ ಹೆಚ್ಚಿಲ್ಲ!

ಬನ್ನಿ, ಒಂದು ದೊಡ್ಡ ಹಡಗಿನ ಹೊಟ್ಟೆಯೊಳಕ್ಕೆ ಇಳಿಯೋಣ! ಎಂಜಿನ್ ರೂಮಿಗಿಂತಲೂ ಕೆಳಗೆ, ಕಟ್ಟಕಡೆಯ ತಳಕ್ಕೆ.

ಇಲ್ಲಿ ನೀರು ನಿಂತಿದೆ. ಪಂಪಿನಿಂದ ತೊಟ್ಟಿಕ್ಕಿದ್ದು, ಪೈಪಿನಿಂದ ಸೋರಿದ್ದು, ನೆಲ ತೊಳೆದದ್ದು. ಅದರ ಜೊತೆಗೆ ಡೀಸೆಲ್, ಎಂಜಿನ್ ಆಯಿಲ್, ಗ್ರೀಸು! ಹಡಗಿನವರ ಬಾಯಲ್ಲಿ ಇದು ಬಿಲ್ಜ್ ನೀರು.

ಇದು ತುಂಬುತ್ತಲೇ ಇರುತ್ತದೆ. ಸುತ್ತಲೂ ಸಮುದ್ರ. ಚೆಲ್ಲಬಹುದೇ? ಚೆಲ್ಲಬಹುದು, ಶುದ್ಧ ಮಾಡಿ!

ಎಷ್ಟು ಶುದ್ಧ? ನೀವೇ ಹೇಳಿ ನೋಡೋಣ. ನಿಮ್ಮ ತಾರಸಿಯ ಮೇಲಿನ 1000 ಲೀಟರ್ ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇದ್ದರೆ ಮಾಫಿ? ಒಂದು ಬಕೆಟ್? ಒಂದು ಲೀಟರ್? ಹೋಗಲಿ, ಒಂದು ಲೋಟ?

ಊಹೂಂ. ಮೂರು ಟೀ ಚಮಚ!

ಹತ್ತು ಲಕ್ಷ ಪಾಲಿನಲ್ಲಿ ಬರೀ 15 ಪಾಲು. ಇದು ಮಾರ್‌ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಕಟ್ಟಳೆ. ಚೆಲ್ಲುವಾಗ ಹಡಗು ಚಲಿಸುತ್ತಲೂ ಇರಬೇಕು! ನವಮಂಗಳೂರಿಗೆ ಬರುವ ಸರಕು ಹಡಗಿಗೂ ಇದೇ ನಿಯಮ. ಅಂಟಾರ್ಕ್ಟಿಕಾದ ಸುತ್ತಲಂತೂ ಈ ಮೂರು ಚಮಚಕ್ಕೂ ಅವಕಾಶವಿಲ್ಲ. ಸೊನ್ನೆ!

ಬೇರ್ಪಡಿಸುವುದು ಹೇಗೆ ಗೊತ್ತೇ? ಎಣ್ಣೆಯ ತೇಲುವ ಚಟವನ್ನೇ ಹಿಡಿದು! ಕಣ್ಣಿಗೆ ಕಾಣದ ಹನಿಗಳು ತೇಲಲು ತುಂಬ ಹೊತ್ತು ಬೇಕು. ಅದಕ್ಕೇ ಎಣ್ಣೆ ಅಂಟುವ ತಟ್ಟೆಗಳ ಸಂದಿಯಲ್ಲಿ ನೀರನ್ನು ಹರಿಸುತ್ತಾರೆ. ಹನಿಗೆ ಹನಿ ಕೂಡುತ್ತದೆ. ದಪ್ಪವಾಗುತ್ತದೆ. ಸರ್ರನೆ ಮೇಲೇರುತ್ತದೆ! ಉಳಿದದ್ದಕ್ಕೆ ಫಿಲ್ಟರ್ ಕಾದಿದೆ.

ಎಣ್ಣೆ ಬೇರ್ಪಡಿಸುವ ಈ ಯಂತ್ರದ ಪರಮ ಶತ್ರು ಯಾರು? ಉಪ್ಪು? ತುಕ್ಕು? ಅಲ್ಲ ಸ್ವಾಮಿ, ಸೋಪು! ಎಂಜಿನ್ ರೂಮನ್ನು ಫಳಫಳ ತೊಳೆದಷ್ಟೂ ಯಂತ್ರಕ್ಕೆ ಸಂಕಟ. ಸೋಪು ಎಣ್ಣೆಯನ್ನು ನುಚ್ಚುನೂರು ಮಾಡಿ ನೀರಿನಲ್ಲಿ ಬೆರೆಸಿಬಿಡುತ್ತದೆ. ಆಗ ಎಣ್ಣೆ ತೇಲುವುದನ್ನೇ ಮರೆಯುತ್ತದೆ. 2005ರಿಂದೀಚೆಗೆ ಅಳವಡಿಸುವ ಯಂತ್ರಗಳು ಇಂಥ ಎಣ್ಣೆಯನ್ನೂ ಹಿಡಿಯಲೇಬೇಕು!

ಕೊನೆಯಲ್ಲಿ ಒಬ್ಬ ಕಾವಲುಗಾರ: ಬೆಳಕು! ಹೊರಹೋಗುವ ನೀರಿನ ಮೂಲಕ ಬೆಳಕು ಹಾಯುತ್ತದೆ. ಎಣ್ಣೆಹನಿ ಇದ್ದರೆ ಚದುರುತ್ತದೆ. 15 ದಾಟಿತೋ, ಅಲಾರಂ! 20 ಸೆಕೆಂಡಿನೊಳಗೆ ಸಮುದ್ರದ ದಾರಿ ಬಂದ್. ನೀರು ತಿರುಗಿ ಒಳಕ್ಕೆ! ನಡೆದದ್ದೆಲ್ಲ ಕನಿಷ್ಠ 18 ತಿಂಗಳು ಈ ಬೆಳಕಿನ ಮೀಟರಿನ ನೆನಪಿನಲ್ಲಿ ಭದ್ರ.

ಇಷ್ಟಾದರೂ ಕಳ್ಳದಾರಿ ಹುಡುಕಿದವರಿದ್ದಾರೆ. ಯಂತ್ರವನ್ನೇ ತಪ್ಪಿಸಿ ಹೋಗುವ ಗುಟ್ಟಿನ ಪೈಪು! ಹಡಗಿನವರು ಅದಕ್ಕಿಟ್ಟ ಹೆಸರು 'ಮ್ಯಾಜಿಕ್ ಪೈಪ್'.

2013ರ ಆಗಸ್ಟ್. ಇಂಗ್ಲೆಂಡಿನ ಕರಾವಳಿಯಾಚೆ ಕೆರಿಬಿಯನ್ ಪ್ರಿನ್ಸೆಸ್ ಎಂಬ ಐಷಾರಾಮಿ ಹಡಗು. ಹೊಸದಾಗಿ ಸೇರಿದ್ದ ಎಂಜಿನಿಯರ್ ಒಬ್ಬನ ಕಣ್ಣಿಗೆ ಇಂಥ ಪೈಪು ಬಿತ್ತು. ಸೌತಾಂಪ್ಟನ್‌ನಲ್ಲಿ ಹಡಗು ನಿಂತದ್ದೇ ತಡ, ಕೆಲಸ ಬಿಟ್ಟು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ! ಒಳಗಿದ್ದವರು ಪೈಪು ಕಿತ್ತು ಮರೆಮಾಚಿದರು. ಫಲವಿಲ್ಲ! ತನಿಖೆಯಲ್ಲಿ ಹೊರಬಿದ್ದದ್ದು: 2005ರಿಂದಲೂ ಕಳ್ಳಾಟ ನಡೆದಿತ್ತು.

ಅಮೆರಿಕದಲ್ಲಿ ಹಡಗಿನ ಕಂಪನಿ ತಪ್ಪೊಪ್ಪಿಕೊಂಡಿತು. ದಂಡ ಎಷ್ಟು, ಹೇಳಿ? ನಾಲ್ಕು ಕೋಟಿ ಡಾಲರ್! ಹಡಗಿನಿಂದ ಬೇಕೆಂದೇ ಮಾಡಿದ ಮಾಲಿನ್ಯಕ್ಕೆ ಅಲ್ಲಿಯವರೆಗೆ ಇಷ್ಟು ದೊಡ್ಡ ದಂಡ ಬಿದ್ದಿರಲೇ ಇಲ್ಲ.

ಸುದ್ದಿ ಕೊಟ್ಟ ಆ ಎಂಜಿನಿಯರ್‌ಗೆ ಸಿಕ್ಕ ಬಹುಮಾನ? ಹತ್ತು ಲಕ್ಷ ಡಾಲರ್!